ಸಹಾಯ ಬೇಕು: ಅಜ್ಜಿಯ ಸಂಧ್ಯಾ ಸುರಕ್ಷಾ ಹಣ ನಾಲ್ಕು ತಿಂಗಳಿಂದ ಬಂದಿಲ್ಲ
ನಮಸ್ಕಾರ ಎಲ್ಲರಿಗೂ. ಅಜ್ಜಿಗೆ 74 ವರ್ಷ. ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು, ಈಗ ನಿಂತುಹೋಗಿದೆ. ನಾಡಕಚೇರಿಯವರು ಬ್ಯಾಂಕಲ್ಲಿ ಕೇಳಿ ಅಂತಾರೆ, ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ, ನಾಡಕಚೇರಿಗೇ ಹೋಗಿ ಅಂತ ವಾಪಸ್ ಕಳಿಸ್ತಾರೆ. ಆಟೋಗೇ ಮುನ್ನೂರು ಹೋಯ್ತು! ಅಜ್ಜಿ ಮಾತ್ರ ಪ್ರತಿ ಸಲ ಪ್ಲಾಸ್ಟಿಕ್ ಕವರ್‌ನಿಂದ ಪಾಸ್‌ಬುಕ್ ತೆಗೆದು ಎಂಟ್ರಿ ಹಾಕಿಸಿ ನೋಡ್ತಾರೆ, ಬಿಪಿ ಮಾತ್ರೆಗೆ ಅದೇ ದುಡ್ಡು.

ನನಗೊಂದು ಅನುಮಾನ. ಗೃಹಲಕ್ಷ್ಮಿಗೆ ಅಂತ ಅಂಚೆ ಕಚೇರಿಯಲ್ಲಿ ಇನ್ನೊಂದು ಖಾತೆ ಮಾಡಿಸಿದ್ದೆವು. ಬ್ಯಾಂಕಲ್ಲಿ ಆಧಾರ್ ಕೊಟ್ಟಿರೋದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಆಧಾರ್ ಮೂಲಕ ಯಾವ ಖಾತೆಗೆ ಬೀಳಬೇಕು ಅನ್ನೋ ಜೋಡಣೆ) ಬೇರೆ, ಅದು ಒಂದೇ ಖಾತೆಗೆ ಇರುತ್ತೆ ಅಲ್ವಾ? ಹಣ ಆ ಅಂಚೆ ಖಾತೆಗೆ ಹೋಗಿರಬಹುದಾ? ಸರ್ಕಾರದ ಹಣ ಯಾವ ಖಾತೆಗೆ ಬಂತು ಅಂತ ತೋರಿಸೋ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡೋಣ ಅಂದ್ರೆ ಓಟಿಪಿ ಹಳೇ ನಂಬರಿಗೆ ಹೋಗುತ್ತೆ, ಆ ಸಿಮ್ ಈಗಿಲ್ಲ. ಮೊದಲು ಆಧಾರ್‌ನಲ್ಲಿ ನಂಬರ್ ಬದಲಿಸಬೇಕಾ, ಸುಮ್ನೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕಾ? ನಿಂತಿದ್ದು ಮತ್ತೆ ಶುರುವಾದವರು ಹೇಳಿ, ಬಾಕಿ ತಿಂಗಳದ್ದೂ ಸೇರಿ ಬಂತಾ?