ಸಹಾಯ ಬೇಕು: ಏರು ಬಂದ್ರೆ ಹಾರ್ಟ್ ರೇಟ್ ಹಿಡಿತಕ್ಕೆ ಸಿಗ್ತಿಲ್ಲ

ನಮಸ್ಕಾರ. ವಯಸ್ಸು 42, ಊರು ತೀರ್ಥಹಳ್ಳಿ. ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡ್ತಿದೀನಿ. ಹಾರ್ಟ್ ರೇಟ್ ಒಂದು ಮಿತಿ ದಾಟದ ಹಾಗೆ ನಿಧಾನಕ್ಕೆ ಓಡೋ ಮಾಫೆಟೋನ್ ಪದ್ಧತಿ ಹಿಡಿದಿದೀನಿ; 180ರಲ್ಲಿ ವಯಸ್ಸು ಕಳೆಯೋ ಅದರ ಲೆಕ್ಕದಲ್ಲಿ ನಂಗೆ ನಿಮಿಷಕ್ಕೆ 138 ಬಡಿತ ಮಿತಿ. ತುಂಗಾ ಸೇತುವೆ ಮೇಲೆ ಆರಾಮಾಗಿ 130. ಕುರುವಳ್ಳಿ ದಾಟಿ ಸಣ್ಣ ಏರು ಸಿಕ್ಕಿದ್ರೂ 155! ನಡೆದ್ರಷ್ಟೇ ಇಳಿಯೋದು. ನಿನ್ನೆ ಹಾಲಿನ ಕ್ಯಾನ್ ಹಿಡಿದ ಅಜ್ಜ ನನ್ನ ದಾಟಿ ಹೋಗ್ತಾ, "ಕಾಲು ನೋವೇನೋ ಮಾರಾಯ?" ಅಂದ್ರು.

ವಾಚ್ ಮೇಲೂ ಅನುಮಾನ. ಒಮ್ಮೊಮ್ಮೆ ಇದ್ದಕ್ಕಿದ್ದಂಗೆ 172 ತೋರಿಸುತ್ತೆ. ಎಣಿಸಿದ್ರೆ ನಿಮಿಷಕ್ಕೆ ನನ್ನ ಹೆಜ್ಜೆನೂ ಅಷ್ಟೇ! ಹೆಜ್ಜೆನೇ ಬಡಿತ ಅಂತ ಎಣಿಸ್ತಿದೆಯೇನೋ. ನಿಂತು ಕುತ್ತಿಗೆಗೆ ಬೆರಳಿಟ್ಟು ನೋಡಿದ್ರೆ 136.

ಎದೆಗೆ ಕಟ್ಟೋ ಸ್ಟ್ರಾಪ್ ತಗೊಳ್ಳಲಾ? ನಮ್ಮ ಮಳೆಗೆ ತಡೆಯುತ್ತಾ? ಏರಲ್ಲಿ ನಡೀಲೇಬೇಕಾ, ಹತ್ತು ಬಡಿತ ಜಾಸ್ತಿ ಆದ್ರೆ ನಡೆಯುತ್ತಾ? ಮಲೆನಾಡಲ್ಲಿ ಓಡೋರು ಹೇಳಿ. ಸಪಾಟು ರಸ್ತೆ ಹುಡುಕಿ ಅನ್ಬೇಡಿ, ಇರೋದು ಆ ಸೇತುವೆ ಒಂದೇ.