ಅಪ್‌ಡೇಟ್: ರೇಡಿಯೇಷನ್ ಆದಮೇಲೂ ಅಮ್ಮನ ಚರ್ಮ ಕೆಂಪಗಿರುವುದರ ಬಗ್ಗೆ

ಅಮ್ಮನಿಗೆ ಸ್ತನ ಕ್ಯಾನ್ಸರ್ ರೇಡಿಯೇಷನ್ ಮುಗಿದು ತಿಂಗಳುಗಳಾದರೂ ಚರ್ಮ ಕೆಂಪಗೆ, ಕಿತ್ತಳೆ ಸಿಪ್ಪೆ ಥರ ಇದೆ ಅಂತ ಕೇಳಿದ್ದೆ. ಕಾಯಬೇಡಿ, ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮಂಡ್ಯದಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಬೆರಳಲ್ಲಿ ಒತ್ತಿದರು. ಒತ್ತಿದ ಕಡೆ ಸಣ್ಣ ಗುಳಿ ಹಾಗೇ ಉಳಿಯಿತು. ನೀರು ತುಂಬಿದೆ ಅಂದರು. ಕಂಕುಳಿನ ಲಿಂಫ್ ಗ್ರಂಥಿ (ಮೈಯೊಳಗಿನ ಈ ಥರದ ನೀರನ್ನು ಸೋಸುವ ಸಣ್ಣ ಗಂಟುಗಳು) ತೆಗೆದು, ಮೇಲೆ ರೇಡಿಯೇಷನ್ನೂ ಕೊಟ್ಟಾಗ ಆ ನೀರು ಸರಿಯಾಗಿ ಹರಿಯದೆ ಹೀಗಾಗಬಹುದಂತೆ. ಆದರೆ ಕ್ಯಾನ್ಸರ್ ಮರಳಿ ಬಂದರೂ ಚರ್ಮ ಹೀಗೇ ಕಾಣಬಹುದು, ಅದಕ್ಕೇ ಸ್ಕ್ಯಾನ್ ಜೊತೆ ಚರ್ಮದ ಚೂರನ್ನು ಬಯಾಪ್ಸಿಗೂ ಕಳಿಸಿದರು. ರಿಪೋರ್ಟ್ ಬರೋವರೆಗೂ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಕ್ಯಾನ್ಸರ್ ಇಲ್ಲ! ಈಗ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಗುರವಾದ ಮಸಾಜ್ ನಡೀತಿದೆ. ಬಾವು ಸ್ವಲ್ಪ ಇಳಿದಿದೆ. ಜ್ವರ ಬಂದರೆ ಅಥವಾ ಕೆಂಪು ಹರಡಿದರೆ ಸೋಂಕಿರಬಹುದು, ತಕ್ಷಣ ಬನ್ನಿ ಅಂದಿದ್ದಾರೆ.