ಸಾಂತಾಕ್ರೂಜ್ ಬಲೂನ್ ಒಂದು ಹೇಳುತ್ತದೆ, ಇನ್‌ಸ್ಯಾಟ್ ಇನ್ನೊಂದು ಹೇಳುತ್ತದೆ, ಯಾವುದನ್ನು ನಂಬಲಿ?

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ. ಫೆಬ್ರವರಿ ತಿಂಗಳಲ್ಲಿ ಮುಂಬೈನ ಸಾಂತಾಕ್ರೂಜ್‌ನಿಂದ ಬಿಟ್ಟ ಹವಾಮಾನ ಬಲೂನಿನ ಅಂಕಿಗಳನ್ನೂ, ಇನ್‌ಸ್ಯಾಟ್-3ಡಿಆರ್ ಉಪಗ್ರಹದ ಸೌಂಡರ್ (ಬೇರೆಬೇರೆ ಎತ್ತರದ ಉಷ್ಣಾಂಶ, ತೇವಾಂಶ ಅಳೆಯುವ ಉಪಕರಣ) ಅಂಕಿಗಳನ್ನೂ ಒಂದೇ ಗ್ರಾಫಿನಲ್ಲಿ ಹಾಕಿದೆ. 500 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ, ಮೇಲೆ ಹೋದಂತೆ ಅಂಕಿ ಇಳಿಯುತ್ತದೆ) ಹತ್ತಿರ ಎರಡೂ ಚೆನ್ನಾಗಿ ತಾಳೆಯಾಗುತ್ತವೆ. 900ರ ಹತ್ತಿರ ಮಾತ್ರ ಬಲೂನಿನಲ್ಲಿ ಉಷ್ಣಾಂಶ ಥಟ್ಟನೆ ಏರುತ್ತದೆ, ತೇವ ಒಮ್ಮೆಗೇ ಬಿದ್ದುಹೋಗುತ್ತದೆ, ಆದರೆ ಉಪಗ್ರಹದ ಗೆರೆ ಅಲ್ಲಿ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಸುಮ್ನೆ ಸಾಗುತ್ತದೆ. 200ರ ಮೇಲೂ ತೇವಾಂಶ ತಾಳೆಯಿಲ್ಲ. ಬಲೂನೇ ಸರಿ ಅಂದುಕೊಂಡು ಉಪಗ್ರಹದ್ದನ್ನು ತಿದ್ದಬಹುದಾ?

ಉತ್ತರ (ಪುಣೆಯಿಂದ):
ಈಗಲೇ ತಿದ್ದಬೇಡಿ ಸರ್. ಎರಡೂ ಒಂದೇ ಗಾಳಿಯನ್ನು ಅಳೆದಿವೆಯಾ ಅಂತ ಮೊದಲು ನೋಡಿ. ಫೈಲಿನಲ್ಲಿ 00 ಅಂತ ಇರುವುದು ಯುಟಿಸಿ (ವಿಶ್ವ ಪ್ರಮಾಣ ಸಮಯ), ಅಂದರೆ ನಮ್ಮ ಬೆಳಗಿನ 5:30, ಬಲೂನನ್ನು ಅದಕ್ಕೂ ಮುಂಚೆಯೇ ಬಿಟ್ಟಿರುತ್ತಾರೆ. ಸೌಂಡರ್ ನೆಲದ ಮೇಲೆ ಒಂದು ಬಿಂದುವಾಗಿ ನೋಡುವ ಚೌಕ ಸುಮಾರು 10 ಕಿಲೋಮೀಟರ್ ಅಗಲ. ಸಾಂತಾಕ್ರೂಜ್ ಪಕ್ಕದಲ್ಲೇ ಜುಹು ಕಡಲತೀರ, ಹಾಗಾಗಿ ಊರು ಸಮುದ್ರ ಎರಡೂ ಒಂದೇ ಚೌಕದಲ್ಲಿ ಬೆರೆತಿರಬಹುದು. ಬಲೂನೂ ನಿಂತಲ್ಲಿ ನಿಲ್ಲುವುದಿಲ್ಲ. ಸೆಕೆಂಡಿಗೆ 5 ಮೀಟರಿನಂತೆ ಏರಿದರೆ 12 ಕಿಲೋಮೀಟರ್ ಎತ್ತರಕ್ಕೆ 40 ನಿಮಿಷ ಬೇಕು, ಅಷ್ಟರಲ್ಲಿ ಚಳಿಗಾಲದ ಪಶ್ಚಿಮದ ಗಾಳಿ ಅದನ್ನು ನಿಮ್ಮ ಊರಿನ ಕಡೆಗೇ ತಳ್ಳಿರುತ್ತದೆ.

900ರ ವಿಷಯ ಬೇರೆ. ಅಲ್ಲಿ ಯಾವುದೂ ಕೆಟ್ಟಿಲ್ಲ. ಆ ಏರಿಕೆ ಕೆಲವು ನೂರು ಮೀಟರ್ ದಪ್ಪದ ಪದರ, ಬಲೂನ್ ಅದರೊಳಗೇ ಹಾದು ಹೋಗುತ್ತದೆ. ಸೌಂಡರಿಗೆ 18 ಇನ್‌ಫ್ರಾರೆಡ್ ಚಾನೆಲ್ ಇದ್ದರೂ ಒಂದೊಂದಕ್ಕೂ ಹಲವು ಕಿಲೋಮೀಟರ್ ದಪ್ಪದ ಗಾಳಿಯ ಕಿರಣ ಬೆರೆತು ಬರುತ್ತದೆ, ಅಷ್ಟು ತೆಳು ಪದರ ಅದಕ್ಕೆ ಕಾಣುವುದೇ ಇಲ್ಲ. ಬಲೂನಿನ ಅಂಕಿಗಳನ್ನು ಒಂದೆರಡು ಕಿಲೋಮೀಟರ್ ದಪ್ಪದ ಪದರಗಳಾಗಿ ಸರಾಸರಿ ಮಾಡಿ, ಆಮೇಲೆ ಹೋಲಿಸಿ. ಶೇಕಡಾ ತೇವಾಂಶ ಬೇಡ, ಒಂದು ಕೆಜಿ ಗಾಳಿಗೆ ಎಷ್ಟು ಗ್ರಾಂ ನೀರಾವಿ ಅಂತ ಹಾಕಿ. ಉಷ್ಣಾಂಶ ಒಂದು ಡಿಗ್ರಿ ತಪ್ಪಿದರೂ ಶೇಕಡಾವಾರು ಲೆಕ್ಕ ಕೆಟ್ಟುಹೋಗುತ್ತದೆ.

500ರಲ್ಲಿ ತಾಳೆಯಾಗಿದೆ ಅಂತ ಜಾಸ್ತಿ ಖುಷಿಪಡಬೇಡಿ. ಉಪಗ್ರಹದ ಲೆಕ್ಕ ಶುರುವಾಗುವುದೇ ಹವಾಮಾನ ಮಾದರಿಯ ಮುನ್ಸೂಚನೆಯಿಂದ, ಆ ಮಾದರಿಯೊಳಗೆ ಹಿಂದಿನ ಬಲೂನ್ ಅಂಕಿಗಳು ಹೋಗಿರುತ್ತವೆ. ಸಾಕ್ಷಿಗಳು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅಲ್ವಾ?

ಪ್ರಶ್ನೆ (ಡೊಂಬಿವಲಿಯಿಂದ):
ಪದರ ಮಾಡಿ ನೋಡಿದೆ, 900ರ ವ್ಯತ್ಯಾಸ ಬಹುಪಾಲು ಹೋಯಿತು. ತುಂಬಾ ಥ್ಯಾಂಕ್ಸ್! 200ರದ್ದು ಹಾಗೇ ಇದೆ, ಬಲೂನ್ ಒಣಗಾಳಿ ತೋರಿಸುತ್ತಿದೆ.

ಉತ್ತರ (ಮಡಗಾಂವ್‌ನಿಂದ):
ಅಲ್ಲಿ ನನ್ನ ಅನುಮಾನ ಬಲೂನಿನ ಮೇಲೇ. ಆ ಎತ್ತರದಲ್ಲಿ ಮೈನಸ್ 50 ಡಿಗ್ರಿ ಆಸುಪಾಸು ಚಳಿ, ತೇವದ ಸೆನ್ಸರ್ ತೀರಾ ನಿಧಾನವಾಗುತ್ತದೆ, ಎಷ್ಟೋ ಕೆಳಗೆ ಕಂಡದ್ದನ್ನು ಇನ್ನೂ ಹೇಳುತ್ತಲೇ ಇರುತ್ತದೆ. ಜೊತೆಗೆ ಬಿಸಿಲಿಗೆ ಸೆನ್ಸರ್ ಕಾದರೆ ಇರುವುದಕ್ಕಿಂತ ಒಣಗಾಳಿ ತೋರಿಸುತ್ತದೆ. ಬೆಳಗಿನ ಬಲೂನ್ ಫೆಬ್ರವರಿಯಲ್ಲಿ ಕತ್ತಲಲ್ಲೇ ಏರುತ್ತದೆ, ಸಂಜೆಯದಕ್ಕೆ ಬಿಸಿಲು ಇರುತ್ತದೆ. ಎರಡನ್ನೂ ಬೇರೆಬೇರೆ ಗ್ರಾಫ್ ಮಾಡಿ. ಸಂಜೆ ಮಾತ್ರ ವ್ಯತ್ಯಾಸ ಇದ್ದರೆ ಬಿಸಿಲಿನ ಪ್ರಭಾವ, ಎರಡರಲ್ಲೂ ಇದ್ದರೆ ಸೆನ್ಸರಿನ ನಿಧಾನ ಇರಬಹುದು.

ಉಷ್ಣಾಂಶಕ್ಕಾದರೆ ಮೂರನೇ ಸಾಕ್ಷಿ ಸಿಗುತ್ತದೆ. 2019ರಲ್ಲಿ ಹಾರಿಸಿದ ಕಾಸ್ಮಿಕ್-2 ಉಪಗ್ರಹಗಳು ಜಿಪಿಎಸ್ ಸಿಗ್ನಲ್ ಗಾಳಿಯಲ್ಲಿ ಎಷ್ಟು ಬಾಗಿತು ಅಂತ ಅಳೆಯುತ್ತವೆ, ಮೋಡ ಇದ್ದರೂ ತೊಂದರೆಯಿಲ್ಲ. ಸುಮಾರು 8ರಿಂದ 30 ಕಿಲೋಮೀಟರ್ ಎತ್ತರದಲ್ಲಿ ಅದನ್ನು ಧೈರ್ಯವಾಗಿ ನಂಬಬಹುದು. ಮುಂಬೈ ಸುತ್ತಮುತ್ತ ಅದೇ ಹೊತ್ತಿನದು ಸಿಕ್ಕರೆ ಮೂರನ್ನೂ ಒಟ್ಟಿಗೆ ಹಾಕಿ ಇಲ್ಲಿ ತೋರಿಸಿ.